ಮೆರವಣಿಗೆಯ ನಾದ: ಬೀದರ್, ಭಾಲ್ಕಿ, ಔರಾದ್ ಸೀಮೆಯ ಬಾಜಾ ತಂಡಗಳ ಚರಿತ್ರೆ

ಒಂದು ವಾದ್ಯತಂಡದ ನಾದ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನು ತಿಳಿಯಲು ಅದು ಹೊರತಂದ ಧ್ವನಿಮುದ್ರಿಕೆಗಳಷ್ಟು ನೆಚ್ಚಿನ ಆಕರ ಬೇರೊಂದಿಲ್ಲ. ಹಾರ್ಡ್‌ಕೋರ್ ಪಂಕ್ ಎಂಬ ರೊಚ್ಚಿನ ಹಾಡುಗಾರಿಕೆಯನ್ನೂ ಮೆಟಲ್ ಸಂಗೀತದ ಭಾರವಾದ ಗಿಟಾರ್ ವಾದನವನ್ನೂ ಬೆಸೆದುಕೊಂಡು ಬೆಳೆದ ಮೆಟಲ್‌ಕೋರ್ ಪ್ರಕಾರದ ತಂಡಗಳ ಚರಿತ್ರೆಯನ್ನು ವಿಮರ್ಶಕರು ಬರೆಯುವುದು ಈ ಬಗೆಯಲ್ಲಿಯೇ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 2004ರಲ್ಲಿ ಹುಟ್ಟಿದ ‘ಬ್ರಿಂಗ್ ಮಿ ದ ಹೊರೈಜನ್’ ತಂಡವು 2006ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಗಂಟಲು ಹರಿಯುವ ಕಿರುಚಾಟವನ್ನೇ ಹಾಡಾಗಿಸಿಕೊಂಡಿತ್ತು. 2013ರ ‘ಸೆಂಪಿಟರ್ನಲ್’ ಹೊತ್ತಿಗೆ ಕೀಬೋರ್ಡನ್ನು ಒಳಗೆ ಬಿಟ್ಟುಕೊಂಡು, 2019ರ ‘ಅಮೋ’ದಲ್ಲಿ ಪಾಪ್ ಸಂಗೀತದ ಅಂಗಳಕ್ಕೇ ಕಾಲಿಟ್ಟಿತು. ಈ ಮೂರು ಮುದ್ರಿಕೆಗಳನ್ನು ಒಂದಾದಮೇಲೊಂದು ಕೇಳಿದವನಿಗೆ ಬದಲಾವಣೆಯ ದಾರಿ ತಾನಾಗಿ ತಿಳಿಯುತ್ತದೆ. ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಸೀಮೆಯಲ್ಲಿ ಮದುವೆ, ಜಾತ್ರೆ, ಉರುಸು, ಜಯಂತಿಗಳ ಮುಂದೆ ನಡೆಯುವ ಬಾಜಾ ತಂಡಗಳಿಗೆ ಇಂಥ ಸೌಲಭ್ಯವಿಲ್ಲ. ಅವು ಬೀದಿಯಲ್ಲಿ ನುಡಿದು ಬೀದಿಯಲ್ಲಿಯೇ ಮುಗಿದ ಸಂಗೀತವಾದ್ದರಿಂದ, ಅವುಗಳ ಬದಲಾವಣೆಯನ್ನು ವಾದ್ಯಗಳ ಮೈಕಟ್ಟಿನಿಂದ, ಬಾರಿಸುವವರ ಜಾತಿ ಮತ್ತು ಕೂಲಿಯ ಕ್ರಮದಿಂದ, ಮೆರವಣಿಗೆ ಹಾದುಹೋಗುವ ದಾರಿಗಳಿಂದ ಊಹಿಸಿ ಹೆಣೆಯಬೇಕಾಗುತ್ತದೆ. ಹಾಗೆ ಹೆಣೆದಾಗ ಕಾಣುವ ಸಂಗತಿಯೆಂದರೆ, ಹಾಡಿನ ಧಾಟಿಯನ್ನು ಹಿಡಿಯುವ ವಾದ್ಯ ತಲೆಮಾರಿಗೊಮ್ಮೆ ಬದಲಾದರೂ ಅದರ ಕೆಳಗಿನ ಹಲಗಿಯ ಪೆಟ್ಟು ಮಾತ್ರ ಬದಲಾಗದೆ ಉಳಿದು, ಕಡೆಗೆ ಅದನ್ನು ಬಾರಿಸುವ ಕೈಯನ್ನೇ ಬಿಟ್ಟುಕೊಟ್ಟು ಯಂತ್ರದೊಳಗೆ ಸೇರಿಕೊಂಡಿತು ಎಂಬುದು.

ಈ ಸೀಮೆಯ ನಾದ ಒಂದೇ ಭಾಷೆಯ ಸೊತ್ತಾಗಿರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಹಂಚಿಹೋದಾಗ ಹಳೆಯ ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿ, ಬೀದರ್, ಭಾಲ್ಕಿ, ಔರಾದ್ ಮೊದಲಾದವು ಮೈಸೂರು ರಾಜ್ಯಕ್ಕೆ ಬಂದವು. ಗಡಿ ಎಳೆದವರು ಊರುಗಳನ್ನು ಬೇರ್ಪಡಿಸಿದರೇ ಹೊರತು ಬೀಗತನವನ್ನು ಬೇರ್ಪಡಿಸಲಿಲ್ಲ. ಭಾಲ್ಕಿಯ ಹೆಣ್ಣನ್ನು ಉದಗೀರಿಗೆ ಕೊಡುವುದೂ ಔರಾದಿಗೆ ದೇಗಲೂರಿನಿಂದ ಸೊಸೆ ತರುವುದೂ ನಡೆದೇ ಇದ್ದುದರಿಂದ, ದಿಬ್ಬಣದ ಜತೆಗೆ ವಾದ್ಯದವರೂ ಗಡಿ ದಾಟುತ್ತಿದ್ದರು. ಕನ್ನಡದ ಭಜನೆ ಪದ, ಮರಾಠಿಯ ಲಾವಣಿ, ಉರ್ದುವಿನ ಕವ್ವಾಲಿ, ತೆಲುಗಿನ ಸಿನಿಮಾ ಹಾಡು ಇವೆಲ್ಲವನ್ನೂ ಒಂದೇ ಮೆರವಣಿಗೆಯಲ್ಲಿ ನುಡಿಸಲು ಬಾರದ ತಂಡಕ್ಕೆ ಇಲ್ಲಿ ಅನ್ನ ಹುಟ್ಟುತ್ತಿರಲಿಲ್ಲ.

ಅರಸೊತ್ತಿಗೆಯ ಕಾಲದ ಬಗ್ಗೆ ಹೇಳಬೇಕಾದದ್ದು ಕಡಿಮೆ. 1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ ಮೊದಲನೆಯ ಅಹಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದಮೇಲೆ, ಇಸ್ಲಾಮೀ ರಾಜಮರ್ಯಾದೆಯ ಅಂಗವಾದ ನೌಬತ್ ಇಲ್ಲಿಗೂ ಬಂದಿರಬೇಕು. ದೊಡ್ಡ ನಗಾರಿಗಳನ್ನೂ ಶಹನಾಯಿಯನ್ನೂ ಕಹಳೆಗಳನ್ನೂ ದಿನದ ಗೊತ್ತಾದ ಜಾವಗಳಲ್ಲಿ ಅರಮನೆಯ ಬಾಗಿಲ ಮೇಲಿನಿಂದ ನುಡಿಸುವ ಪದ್ಧತಿಗೆ ನೌಬತ್ ಎನ್ನುತ್ತಾರೆ. ಅದು ಕುಣಿಸುವ ಸಂಗೀತವಲ್ಲ, ಅಧಿಕಾರವನ್ನು ಕಿವಿಗೆ ಮುಟ್ಟಿಸುವ ಸಂಗೀತ. ಬೀದಿಯ ಬಾಜಾಕ್ಕೆ ಅದರಿಂದ ದಕ್ಕಿದ್ದು ನಗಾರಿ ಮತ್ತು ಶಹನಾಯಿಗಳ ಜೋಡಿ; ಹಾಗೂ ವಾದ್ಯದ ಗದ್ದಲ ಹೆಚ್ಚಿದಷ್ಟೂ ಮನೆತನದ ದೌಲತ್ತು ಹೆಚ್ಚೆಂಬ ನಂಬಿಕೆ. ಈ ಎರಡನೆಯದೇ ಹೆಚ್ಚು ಬಾಳಿಕೆ ಬಂದಿತು.

ಅಹಮದ್ ಶಾಹನ ಗೋರಿ ಇರುವ ಅಷ್ಟೂರಿನಲ್ಲಿ ಇನ್ನೊಂದು ಬಗೆಯ ನಾದ ಉಳಿದುಕೊಂಡಿದೆ. ಸುಲ್ತಾನನನ್ನು ಮುಸ್ಲಿಮರು ವಲಿ ಎಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ಭಾವಿಸಿ ನಡೆಸುವ ಅಲ್ಲಿನ ಉರುಸು ಹೋಳಿ ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ. ಕಲಬುರಗಿ ಸೀಮೆಯ ಮಾಡ್ಯಾಳದಿಂದ ಪರಿವಾರದೊಡನೆ ಬರುವ ಜಂಗಮರು ಗೋರಿಯ ಮುಂದೆ ಶಂಖ ಊದುತ್ತಾರೆ. 1947ರಲ್ಲಿ ಪ್ರಕಟವಾದ ಗುಲಾಮ್ ಯಜ್ದಾನಿಯವರ ಬೀದರ್ ಕುರಿತ ಗ್ರಂಥದಲ್ಲಿಯೂ ಈ ಜಾತ್ರೆಯ ವಿವರಣೆ ಉಂಟು. ಸುಲ್ತಾನನ ಗುಮ್ಮಟದ ಕೆಳಗೆ ಶಂಖನಾದ ಕೇಳಿಬರುವ ಈ ಊರಿನಲ್ಲಿ ವಾದ್ಯಗಳಿಗೆ ಧರ್ಮವನ್ನು ಗಂಟುಹಾಕುವುದು ಯಾವ ಕಾಲದಲ್ಲಿಯೂ ಸುಲಭವಾಗಿರಲಿಲ್ಲ.

ಅರಮನೆಯ ಹೊರಗಿನ ಜನರ ಪಾಲಿಗೆ ಎಲ್ಲಕ್ಕೂ ಮೂಲವಾದ ವಾದ್ಯ ಹಲಗಿ. ಒಂದು ಬಳೆಯಾಕಾರದ ಕಟ್ಟಿಗೆಯ ಅಥವಾ ಕಬ್ಬಿಣದ ಪಟ್ಟಿಗೆ ಒಂದೇ ಬದಿಯಲ್ಲಿ ಚರ್ಮ ಬಿಗಿದು, ಅದನ್ನು ಎಡ ಹೆಗಲಿನಿಂದ ಇಳಿಬಿಟ್ಟು ಎದೆಗೆ ಒತ್ತಿ ಹಿಡಿದು, ಎರಡು ಕೋಲುಗಳಿಂದ ಬಾರಿಸುತ್ತಾರೆ. ಬಲಗೈಯ ಕೋಲು ಗಿಡ್ಡ, ದಪ್ಪ; ಅದು ಚರ್ಮದ ನಡುವಿಗೆ ಬಿದ್ದು ಮಂದ್ರದ ಪೆಟ್ಟು ಕೊಡುತ್ತದೆ. ಎಡಗೈಯದು ಉದ್ದನೆಯ ತೆಳು ಕಡ್ಡಿ. ಅಂಚಿಗೆ ತಾಗಿ ತಾಗಿ ಬಿಡುವ ಅದರ ಪಟಪಟ ಸದ್ದು ಆ ಪೆಟ್ಟುಗಳ ನಡುವಿನ ಸಂದನ್ನು ತುಂಬುತ್ತದೆ. ಹಲಗಿಯ ಗುಟ್ಟು ಬಿಗಿತದಲ್ಲಿದ್ದು, ಆ ಬಿಗಿತ ಬೆಂಕಿಯಿಂದ ಬರುತ್ತದೆ. ಮೆರವಣಿಗೆ ಹೊರಡುವ ಮುನ್ನ ಕಸಕಡ್ಡಿಯನ್ನೋ ಹುಲ್ಲನ್ನೋ ಉರಿಸಿ, ಚರ್ಮದ ಮುಖವನ್ನು ಉರಿಗೆ ಹಿಡಿದು, ಆಗಾಗ ಬೆರಳಿನಿಂದ ತಟ್ಟಿ ನೋಡಿ, ಸ್ವರ ಏರಿತೆಂದು ಕಿವಿಗೆ ಒಪ್ಪಿದ ಮೇಲೆಯೇ ಕೋಲು ಎತ್ತುತ್ತಾರೆ. ಅರ್ಧ ದಾರಿಯಲ್ಲಿ ಚರ್ಮ ಸಡಿಲಾದರೆ ಮೆರವಣಿಗೆ ನಿಲ್ಲಬೇಕು, ಮತ್ತೆ ಬೆಂಕಿ ಮಾಡಬೇಕು. ಮಳೆಗಾಲದ ತೇವದಲ್ಲಿ ಈ ಕೆಲಸ ಪದೇ ಪದೇ ಬೀಳುತ್ತದೆ. ಮೊಹರಂ ಹೊತ್ತಿನಲ್ಲಿ ಪಂಜಾಗಳ ಮುಂದೆ ತೋಡಿ ಬೆಂಕಿ ಹಾಕಿದ ಅಲಾಯಿ ಕುಣಿಯೇ ಹಲಗಿ ಕಾಯಿಸಿಕೊಳ್ಳುವ ಒಲೆಯೂ ಆಗುವುದುಂಟು. ಹೀಗೆ ಬೆಂಕಿಯ ಸುತ್ತ ನಿಂತು ಸ್ವರ ಹೊಂದಿಸಿಕೊಳ್ಳುವ ಬಿಡುವಿನಿಂದಾಗಿ ಹಳೆಯ ಮೆರವಣಿಗೆಗೆ ಒಂದು ನಿಧಾನ ಗತಿ ಒದಗಿತ್ತು.

ಹಲಗಿ ಬಾರಿಸುವುದು ಹಿಡಿಸಿದವರು ಹಿಡಿಯಬಹುದಾದ ಕಲೆಯಾಗಿರದೆ ಜಾತಿಯ ಮೇಲೆ ಹೊರಿಸಿದ ಕೆಲಸವಾಗಿತ್ತು. ಊರಿನ ಹೊಲೆಯ, ಮಾದಿಗ, ಮಾಂಗ ಮನೆತನಗಳವರು ದೇವರ ಪಲ್ಲಕ್ಕಿಯ ಮುಂದೆ, ಗೌಡ ದೇಸಾಯರ ಮದುವೆಯ ಮುಂದೆ, ಶವದ ಮುಂದೆ, ಡಂಗುರದ ಹೊತ್ತಿನಲ್ಲಿ ಕರೆದಾಗ ಬಂದು ಬಾರಿಸಬೇಕಿತ್ತು. ಸುಗ್ಗಿಯಲ್ಲಿ ಕಣದಿಂದ ಸಿಗುವ ಕಾಳಿನ ಪಾಲು, ಅಂದರೆ ಕನ್ನಡದವರು ಆಯವೆಂದೂ ಮರಾಠಿಯವರು ಬಲುತೆಯೆಂದೂ ಕರೆಯುವ ವಾರ್ಷಿಕ ಹಕ್ಕು, ಅದಕ್ಕೆ ಕೂಲಿ. ದೇವರನ್ನು ಕುಣಿಸುವ ಹಲಗಿಯವನಿಗೆ ಗುಡಿಯ ಹೊಸ್ತಿಲು ದಾಟುವ ಹಕ್ಕಿರಲಿಲ್ಲ. ಈ ಸೀಮೆಯ ನಾದದ ಚರಿತ್ರೆಯನ್ನು ಬರೆಯುವಾಗ ಜಾನಪದ ಸೊಬಗಿನ ಮಾತುಗಳಲ್ಲಿ ಈ ಸಂಗತಿಯನ್ನು ಮರೆಸುವುದು ಸರಿಯಲ್ಲ, ಏಕೆಂದರೆ ಮುಂದೆ ಆದ ಎಲ್ಲ ಬದಲಾವಣೆಗಳಿಗೂ ಇದರ ಸಂಬಂಧವಿದೆ.

ಹಲಗಿಯ ಜತೆಗೂಡಿದ ವಾದ್ಯಗಳು ಮೂರೂ ಊರುಗಳಲ್ಲಿ ಬೇರೆ ಬೇರೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಗೆ ಕನ್ನಡಿಗರೂ ಮರಾಠಿಗರೂ ನಡೆದುಕೊಳ್ಳುವುದರಿಂದ, ಅಲ್ಲಿ ಮರಾಠಿಗರ ಪಾಲಿಗೆ ಖಂಡೋಬನಾದ ಅದೇ ದೇವರ ಹರಕೆ ಹೊತ್ತ ವಾಘ್ಯಾ ಮುರಳಿಯರ ದಿಮ್ಡಿ ಮತ್ತು ತುಣತುಣೆಗಳ ಸದ್ದು ಕೇಳುತ್ತದೆ. ದಿಮ್ಡಿ ಎಂದರೆ ಅಂಗೈಯಲ್ಲಿ ಹಿಡಿದು ಬೆರಳಿನಿಂದ ನುಡಿಸುವ ಚಿಕ್ಕ ಚರ್ಮವಾದ್ಯ, ತುಣತುಣೆ ಎಂದರೆ ಒಂದೇ ತಂತಿಯ ಶ್ರುತಿವಾದ್ಯ. ಔರಾದಿನ ಕಡೆಯ ತಾಂಡಾಗಳಲ್ಲಿ ಲಂಬಾಣಿಗರು ನಗಾರಿಯ ಜತೆ ಕಂಚಿನ ತಟ್ಟೆ ಬಾರಿಸುತ್ತಾರೆ. ಶಿವರಾತ್ರಿಯ ಆಸುಪಾಸಿನ ಅಮರೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಹಲಗಿ, ಸನಾದಿಗಳೆಲ್ಲ ಬಂದು ಸೇರುತ್ತವೆ. ಶಹನಾಯಿಯ ಹಳ್ಳಿ ರೂಪವಾದ ಸನಾದಿಯೇ ಆ ಕಾಲದ ತಂಡಗಳಲ್ಲಿ ಧಾಟಿ ಹಿಡಿಯುತ್ತಿದ್ದ ಏಕೈಕ ವಾದ್ಯವಾಗಿದ್ದು, ಉಸಿರನ್ನು ಕೆನ್ನೆಯಲ್ಲಿ ತುಂಬಿಟ್ಟುಕೊಂಡು ಮೂಗಿನಿಂದ ಮತ್ತೆ ಎಳೆಯುತ್ತ ಸ್ವರ ಕಡಿಯದಂತೆ ಊದುವ ಜಾಣ್ಮೆ ಅದಕ್ಕೆ ಬೇಕಿತ್ತು.

ಬೀದರ್ ನಗರದ ಕಥೆ ಇನ್ನೂ ಬೇರೆ. ಚೌಬಾರಾ ಎಂಬ ಎತ್ತರದ ದುಂಡು ಗೋಪುರದಿಂದ ನಾಲ್ಕು ದಿಕ್ಕಿಗೆ ಹೋಗುವ ಬೀದಿಗಳು ಹಳೆಯ ಊರನ್ನು ನಾಲ್ಕು ಪಾಲು ಮಾಡುತ್ತವೆ. ಪ್ರತಿ ಪಾಲಿಗೂ ಒಂದೊಂದು ತಾಲೀಮು, ಅಂದರೆ ಗರಡಿಮನೆ. ಸಿದ್ದೀಕ್ ಶಾಹ, ನೂರ್‌ಖಾನ್, ಮನಿಯಾರ್, ಪನ್ಸಾಲ್ ಎಂಬ ಹೆಸರುಗಳು ಇಂದಿಗೂ ಓಣಿಗಳ ವಿಳಾಸದಲ್ಲಿವೆ. ಮೊಹರಂ ಮೆರವಣಿಗೆಗಳಲ್ಲಿ ತಾಲೀಮುಗಳ ನಡುವೆ ನಡೆಯುತ್ತಿದ್ದ ಮೇಲಾಟದಲ್ಲಿ ಲಾಠಿ, ಕತ್ತಿವರಸೆಗಳಿಗೆ ಎಷ್ಟು ಬೆಲೆಯೋ ವಾದ್ಯಕ್ಕೂ ಅಷ್ಟೇ ಬೆಲೆ. ಕೊರಳಿಗೆ ತೂಗುಹಾಕಿಕೊಂಡು ಎರಡು ಬೆತ್ತದ ಕಡ್ಡಿಗಳಿಂದ ಬಾರಿಸುವ ತಟ್ಟೆಯಾಕಾರದ ತಾಶಾ ಇಲ್ಲಿ ಹಲಗಿಗಿಂತ ಮುಂದಾಯಿತು. ಅದಕ್ಕೆ ಮರ್ಫಾ ಎಂಬ ಮತ್ತೊಂದು ಪ್ರಭಾವವೂ ಸೇರಿತು. ನಿಜಾಮರ ಸೈನ್ಯದಲ್ಲಿ ಚಾಕರಿಗಿದ್ದ, ಯೆಮನ್ನಿನ ಹದ್ರಮೌತ್ ಸೀಮೆಯ ಅರಬರೂ ಆಫ್ರಿಕಾ ಮೂಲದ ಸಿದ್ದಿಗಳೂ ಹೈದರಾಬಾದಿಗೆ ತಂದ ಈ ವಾದ್ಯಮೇಳದಲ್ಲಿ ಧಾಟಿಗಿಂತ ತಾಳವೇ ಪ್ರಧಾನ. ಅದರಿಂದ ಹುಟ್ಟಿದ ‘ತೀನ್‌ಮಾರ್’ ಎಂಬ ಮೂರು ಪೆಟ್ಟಿನ ಕುಣಿತದ ಗತಿ ಹೈದರಾಬಾದ್ ರಾಜ್ಯದ ಊರೂರಿಗೆ ಹಬ್ಬಿ, ಇಂದು ಹಿಂದೂ ಮದುವೆಯ ದಿಬ್ಬಣಗಳಲ್ಲಿಯೂ ಗಣೇಶನ ವಿಸರ್ಜನೆಯಲ್ಲಿಯೂ ಕೇಳುತ್ತದೆ. ಅರಬರ ಸೈನ್ಯ ಹೋಯಿತು, ಅವರ ತಾಳ ಉಳಿಯಿತು.

ನಾದದ ಮೊದಲ ದೊಡ್ಡ ಪಲ್ಲಟವೂ ಸೈನ್ಯದಿಂದಲೇ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ದಂಡುಗಳ ಜತೆ ಬಂದ ಹಿತ್ತಾಳೆ ವಾದ್ಯಗಳ ಮೇಳವನ್ನು ದೇಶೀ ಸಂಸ್ಥಾನಗಳ ಅರಸರೂ ತಮ್ಮ ಮೆರೆತಕ್ಕೆ ತರಿಸಿಕೊಂಡರು. ಉತ್ತರ ಭಾರತದ ಮೀರತ್ ನಗರದಲ್ಲಿ 1885ರಲ್ಲಿ ಆರಂಭವಾದ ನಾದಿರ್ ಅಲಿ ಕಂಪನಿಯಂಥ ಕಾರ್ಖಾನೆಗಳು ಇಲ್ಲಿಯೇ ಟ್ರಂಪೆಟ್, ಯೂಫೋನಿಯಮ್‌ಗಳನ್ನು ತಯಾರಿಸತೊಡಗಿದ ಮೇಲೆ ಅವುಗಳ ಬೆಲೆ ಇಳಿದು, ದಂಡಿನ ವಾದ್ಯ ಮದುವೆಯ ವಾದ್ಯವಾಯಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ನಿಜಾಮರ ಸೈನ್ಯ ಚದುರಿಹೋದದ್ದರಿಂದ ಈ ಬಗೆಯ ಸಂಗೀತದ ಪೋಷಣೆ ಪೂರ್ತಿಯಾಗಿ ಬಜಾರಿನ ಕೈಗೆ ಬಂದಿತು. ಕ್ಲಾರಿನೆಟ್, ಟ್ರಂಪೆಟ್, ಯೂಫೋನಿಯಮ್, ದೊಡ್ಡ ಡ್ರಮ್, ಸೈಡ್ ಡ್ರಮ್, ಮರಾಕಸ್ ಇವುಗಳೊಡನೆ ಕೆಂಪು ಅಥವಾ ನೀಲಿ ಬಟ್ಟೆಯ ಜರಿಯಂಚಿನ ದಿರಿಸು ತೊಟ್ಟ ‘ಬ್ಯಾಂಡ್ ಕಂಪನಿ’ಗಳು ಹುಟ್ಟಿದವು. ಬ್ಯಾಂಡಿನವರಿಗೆ ಆಯವಿಲ್ಲ, ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಳ್ಳುವ ಸುಪಾರಿ ಪದ್ಧತಿ ಅವರದು. ಒಂದೇ ಊರಿನ ಒಡೆಯರಿಗೆ ಕಟ್ಟುಬಿದ್ದ ಹಲಗಿಯವನಿಗೂ ಲಗ್ನದ ತಿಂಗಳುಗಳಲ್ಲಿ ಊರಿಂದೂರಿಗೆ ಹೋಗಿ ರೊಕ್ಕ ಎಣಿಸಿಕೊಳ್ಳುವ ಬ್ಯಾಂಡಿನವನಿಗೂ ಇದ್ದ ದೊಡ್ಡ ಅಂತರ ವಾದ್ಯಕ್ಕಿಂತ ಈ ಕೂಲಿಯ ಕ್ರಮದಲ್ಲಿತ್ತು. ಸಮವಸ್ತ್ರವೂ ಅಲಂಕಾರಕ್ಕೆ ಮಾತ್ರ ಬಂದದ್ದಲ್ಲ. ಅದನ್ನು ತೊಟ್ಟವನ ಜಾತಿ ಒಂದು ಸಂಜೆಯ ಮಟ್ಟಿಗಾದರೂ ಮರೆಯಾಗುತ್ತಿತ್ತು.

ಜಾತಿಯ ಮಾತು ಇಲ್ಲಿ ಮತ್ತೆ ಬರುತ್ತದೆ. 1927ರ ಮಾರ್ಚಿನಲ್ಲಿ ಮಹಾಡ್ ಪರಿಷತ್ತಿನಲ್ಲಿ ಡಾ. ಅಂಬೇಡ್ಕರ್ ಅವರು ಸತ್ತ ದನ ಎಳೆಯುವುದನ್ನೂ ಅದರ ಮಾಂಸ ತಿನ್ನುವುದನ್ನೂ ಬಿಡಬೇಕೆಂದು ಕೊಟ್ಟ ಕರೆ ಮರಾಠವಾಡದ ಮೂಲಕ ಈ ಸೀಮೆಗೂ ತಲುಪಿತು. 1956ರ ಅಕ್ಟೋಬರ್ 14ರ ನಾಗಪುರದ ಬೌದ್ಧ ದೀಕ್ಷೆಯ ನಂತರ ಬೀದರ್ ಜಿಲ್ಲೆಯ ಅನೇಕ ಕೇರಿಗಳು ಬುದ್ಧನ ದಾರಿ ಹಿಡಿದವು. ಹೊಸ ಅರಿವು ಬಂದ ಕೇರಿಗಳಲ್ಲಿ ಕರೆದಾಗ ಹೋಗಿ ಹಲಗಿ ಬಾರಿಸುವುದನ್ನು ನಿಲ್ಲಿಸುವುದು ಸ್ವಾಭಿಮಾನದ ಮೊದಲ ಗುರುತಾಯಿತು; 1970ರ ದಶಕದಿಂದ ಕರ್ನಾಟಕದ ದಲಿತ ಚಳವಳಿಯೂ ಇದನ್ನೇ ಒತ್ತಿ ಹೇಳಿತು. ಬಿಟ್ಟಿ ಹಲಗಿ ನಿಂತ ಕಡೆಗಳಲ್ಲಿ ಊರವರಿಗೆ ರೊಕ್ಕ ಕೊಟ್ಟು ಬ್ಯಾಂಡು ತರಿಸುವುದು ಅನಿವಾರ್ಯವಾಯಿತು. ಹಿತ್ತಾಳೆ ವಾದ್ಯಗಳ ಹಬ್ಬುವಿಕೆಗೆ ಸಿನಿಮಾ ಮತ್ತು ಪಟ್ಟಣದ ಷೋಕಿಗಳನ್ನಷ್ಟೇ ಕಾರಣವೆಂದು ಹೇಳುವವರು ಈ ನಿರಾಕರಣೆಯ ಪಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬ್ಯಾಂಡಿನ ಸಂಗೀತ ಬಹುಪಾಲು ಸಿನಿಮಾದ್ದು. ಸನಾದಿಯ ಸ್ಥಾನಕ್ಕೆ ಬಂದ ಕ್ಲಾರಿನೆಟ್ಟಿನಲ್ಲಿ ಸ್ವರದ ಜಾರು ಸನಾದಿಯಷ್ಟು ಸಲೀಸಲ್ಲವಾದರೂ, ಗಮಕವನ್ನು ತುಟಿಯ ಒತ್ತಡದಿಂದ ತರುವುದನ್ನು ವಾದಕರು ಕಲಿತುಕೊಂಡರು. ಟ್ರಂಪೆಟ್ಟಿನಲ್ಲಿ ಅದೂ ಕಷ್ಟ. ಅಲ್ಲಿ ಧಾಟಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹೀಗಾಗಿ ಬೀದಿಯ ಸಂಗೀತದಲ್ಲಿ ರಾಗದ ನುಣುಪು ಹೋಗಿ ಸ್ವರಗಳು ಬಿಡಿಬಿಡಿಯಾಗಿ ಹೊಳೆಯುವ ಒಂದು ಹೊಸ ನಾದ ಬಂದಿತು. ಕೇಳುವವರ ಕಿವಿಯೂ ಅದಕ್ಕೆ ಒಗ್ಗಿತು. 1977ರ ‘ಆದ್ಮಿ ಸಡಕ್ ಕಾ’ ಚಿತ್ರಕ್ಕಾಗಿ ರವಿ ಅವರು ಸಂಗೀತ ಕೊಟ್ಟು ಮೊಹಮ್ಮದ್ ರಫಿ ಹಾಡಿದ ಮದುವೆಯ ಹಾಡು ದೇಶದ ಎಲ್ಲ ಬ್ಯಾಂಡುಗಳಂತೆ ಇಲ್ಲಿಯ ಬ್ಯಾಂಡುಗಳಿಗೂ ಬಾಯಿಪಾಠವಾಯಿತು. 1954ರ ‘ನಾಗಿನ್’ ಚಿತ್ರದ ಪುಂಗಿಯ ಧಾಟಿಯದಂತೂ ಒಂದು ವಿಚಿತ್ರ ಕಥೆ. ಹೇಮಂತ್ ಕುಮಾರ್ ಸಂಗೀತದ ಆ ಚಿತ್ರದಲ್ಲಿ ಕೇಳುವುದು ನಿಜವಾದ ಪುಂಗಿಯಲ್ಲ. ಕಲ್ಯಾಣ್‌ಜಿ ಅವರು ಕ್ಲಾವಿಯೋಲಿನ್ ಎಂಬ ವಿದ್ಯುತ್ ಕೀಬೋರ್ಡಿನಲ್ಲಿ ನುಡಿಸಿದ್ದು. ಯಂತ್ರ ಪುಂಗಿಯನ್ನು ಅನುಕರಿಸಿತು, ಬ್ಯಾಂಡಿನ ಕ್ಲಾರಿನೆಟ್ ಆ ಯಂತ್ರವನ್ನು ಅನುಕರಿಸಿತು, ಮೂರು ದಶಕಗಳ ನಂತರ ಬಂದ ಕೀಬೋರ್ಡು ಕ್ಲಾರಿನೆಟ್ಟಿನಿಂದ ಅದನ್ನು ಮರಳಿ ಪಡೆಯಿತು. ಮದುಮಗನ ಗೆಳೆಯರು ಕರವಸ್ತ್ರ ಬಾಯಲ್ಲಿ ಕಚ್ಚಿ ನೆಲಕ್ಕುರುಳಿ ಹಾವಾಗುವುದು ಮಾತ್ರ ಎಲ್ಲ ಕಾಲದಲ್ಲಿಯೂ ಒಂದೇ.

ಹಿತ್ತಾಳೆಗೂ ಕೀಬೋರ್ಡಿಗೂ ನಡುವೆ ಬಂದದ್ದು ಬೆಂಜೋ. ಇದು ಅಮೆರಿಕದ ಬ್ಯಾಂಜೋ ಅಲ್ಲ. ಜಪಾನಿನ ನಗೋಯಾದಲ್ಲಿ 1912ರಲ್ಲಿ ಗೊರೋ ಮೊರಿತಾ ರೂಪಿಸಿದ ತೈಶೋಗೊತೊ ಎಂಬ ವಾದ್ಯ ಭಾರತಕ್ಕೆ ಬಂದು ಬುಲ್‌ಬುಲ್ ತರಂಗ್ ಎನಿಸಿಕೊಂಡು, ಬಳಕೆಯಲ್ಲಿ ಬೆಂಜೋ ಆಯಿತು. ಉದ್ದನೆಯ ಪೆಟ್ಟಿಗೆಯ ಮೇಲೆ ತಂತಿಗಳು, ಅವುಗಳನ್ನು ಒತ್ತಲು ಬೆರಳಚ್ಚು ಯಂತ್ರದಂಥ ಗುಂಡಿಗಳು. ಎಡಗೈ ಗುಂಡಿ ಒತ್ತಿದರೆ ಬಲಗೈ ತಂತಿ ಮೀಟುತ್ತದೆ. ಅದರ ಸಣ್ಣ ಸದ್ದು ಬೀದಿಗೆ ಸಾಲುವಂಥದಲ್ಲ. ಒಳಗೆ ಪಿಕಪ್ ಕೂರಿಸಿ ಅಹುಜಾ ಆಂಪ್ಲಿಫೈಯರಿನ ಮೂಲಕ ಭೋಂಗಾಗೆ, ಅಂದರೆ ಲೋಹದ ಧ್ವನಿವರ್ಧಕಕ್ಕೆ, ಹಾಯಿಸಿದಾಗ ಮಾತ್ರ ತಂತಿಯ ನಾದ ಕೀರಲು ಕೊರಕಲಾಗಿ ಹೊರಬಂದು, ಇಡೀ ಮೆರವಣಿಗೆಯನ್ನು ಸೀಳಿಕೊಂಡು ಕೇಳುತ್ತಿತ್ತು. ಪಾಶ್ಚಾತ್ಯ ರಾಕ್ ಸಂಗೀತಗಾರರು ಗಿಟಾರಿನ ಸದ್ದನ್ನು ಬೇಕೆಂದೇ ಒಡೆದು ಕೆಡಿಸಿ ಪಡೆದ ಕರ್ಕಶ ಗಡಸನ್ನು ಈ ಸೀಮೆಯ ಬೆಂಜೋದವರು ಅಗ್ಗದ ಉಪಕರಣಗಳ ಕೊರತೆಯಿಂದಲೇ ಪಡೆದುಕೊಂಡರು. ಆದರೆ ನಡೆಯುತ್ತ ನುಡಿಸಲಾಗದ ಈ ವಾದ್ಯಕ್ಕೆ ಬ್ಯಾಟರಿಯೂ ಭೋಂಗಾವೂ ಬೇಕಾದ್ದರಿಂದ, ತಂಡ ಕಾಲಿನಿಂದ ಗಾಡಿಗೆ ಏರಿತು. ಬೆಂಜೋ ಪಾರ್ಟಿಗಳು ತಳ್ಳುಗಾಡಿಯ, ಮುಂದೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಕೂತು ನುಡಿಸತೊಡಗಿದಾಗ, ಬಾರಿಸುವವರು ಮತ್ತು ಕುಣಿಯುವವರು ಒಂದೇ ನೆಲದ ಮೇಲೆ ನಿಲ್ಲುವ ಹಳೆಯ ಕ್ರಮ ಮುಗಿಯಿತು.

1980ರ ದಶಕದ ಕ್ಯಾಸೆಟ್ಟು ಈ ತಂಡಗಳಿಗೆ ಹೊಸ ಹಾಡುಗಳನ್ನು ಒದಗಿಸಿತು. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ದೊಡ್ಡ ಕಂಪನಿಗಳ ಕೈಯಲ್ಲಿದ್ದ ಧ್ವನಿಮುದ್ರಣ ಚಿಕ್ಕ ಊರುಗಳ ಚಿಕ್ಕ ಗಾಯಕರಿಗೂ ನಿಲುಕಿದಾಗ, ಮರಾಠಿಯ ಭೀಮಗೀತೆಗಳು, ಅಂದರೆ ಅಂಬೇಡ್ಕರ್ ಅವರನ್ನು ಕುರಿತ ಹಾಡುಗಳು, ಭಾಲ್ಕಿ ಮತ್ತು ಔರಾದಿನ ಕೇರಿಗಳಲ್ಲಿ ಮನೆಮನೆಯ ಮಾತಾದವು. ವಾಮನದಾದಾ ಕರ್ಡಕ್ (1922–2004) ಅವರಂಥ ಕವಿಗಳ ರಚನೆಗಳೂ ಪ್ರಹ್ಲಾದ್ ಶಿಂದೆ ಮತ್ತು ಅವರ ಮಕ್ಕಳಾದ ಆನಂದ್, ಮಿಲಿಂದ್ ಶಿಂದೆಯವರ ಗಡಸು ದನಿಯೂ ಇಲ್ಲಿಯ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಮೆರವಣಿಗೆಗೆ ಒಂದು ಮಾದರಿ ಹಾಕಿಕೊಟ್ಟವು. ಇಲ್ಲಿ ಚರಿತ್ರೆ ಒಂದು ತಿರುವು ಪಡೆಯುತ್ತದೆ: ಊರಿನ ದೇವರ ಮುಂದೆ ಬಾರಿಸಲು ನಿರಾಕರಿಸಿದ ಹಲಗಿಯನ್ನೇ ಅದೇ ಕೇರಿಯ ಯುವಕರು ತಮ್ಮ ನಾಯಕನ ಜಯಂತಿಯಲ್ಲಿ ತಾವಾಗಿ ಕೈಗೆತ್ತಿಕೊಂಡರು. ಪೆಟ್ಟು ಹಳೆಯದೇ, ಆದರೆ ಅದಕ್ಕೆ ಈಗ ಒಡೆಯರಿರಲಿಲ್ಲ. ಇಡೀ ಚರಿತ್ರೆಯಲ್ಲಿ ನಾದ ಬದಲಾಗದೆ ಅದರ ಅರ್ಥವೊಂದೇ ತಲೆಕೆಳಗಾದ ಸಂದರ್ಭ ಇದು. ವಾದ್ಯಗಳ ಪಲ್ಲಟಗಳೆಲ್ಲಕ್ಕಿಂತ ಇದು ದೊಡ್ಡದೆಂದು ಹೇಳಲಡ್ಡಿಯಿಲ್ಲ.

ಕೀಬೋರ್ಡು ಬಂದ ಮೇಲಿನ ಸಂಗತಿಗಳು ಬೇಗ ಬೇಗ ಆದವು. ಕ್ಯಾಸಿಯೋ ಕಂಪನಿಯ ಮೊದಲ ಕೀಬೋರ್ಡು 1980ರಲ್ಲಿಯೂ, ಕೋಲಿನಿಂದ ಬಡಿದರೆ ಬೇರೆ ಬೇರೆ ಚರ್ಮವಾದ್ಯಗಳ ಸದ್ದು ಕೊಡುವ ರೋಲಾಂಡ್ ಕಂಪನಿಯ ಆಕ್ಟಾಪ್ಯಾಡ್ 1985ರಲ್ಲಿಯೂ ಮಾರುಕಟ್ಟೆಗೆ ಬಂದವು. ಇವು ಅಗ್ಗವಾಗಿ ಚಿಕ್ಕ ಊರುಗಳನ್ನು ಮುಟ್ಟಿದಾಗ ಹತ್ತು ಹದಿನೈದು ಜನರ ಬ್ಯಾಂಡು ನಾಲ್ಕೈದು ಜನರಿಗೆ ಇಳಿಯಿತು. ಒಬ್ಬನೇ ಕೂತು ಕ್ಲಾರಿನೆಟ್, ಶಹನಾಯಿ, ಪುಂಗಿ ಮೂರನ್ನೂ ಗುಂಡಿ ಒತ್ತಿ ನುಡಿಸಬಲ್ಲವನಾದ ಮೇಲೆ ಊದುವವರಿಗೆ ಕೆಲಸ ಉಳಿಯಲಿಲ್ಲ. ಬಾರಿಸುವವರು ಇನ್ನೂ ಸ್ವಲ್ಪ ಕಾಲ ಉಳಿದುಕೊಂಡರು, ಏಕೆಂದರೆ ಕುಣಿಯುವವರಿಗೆ ಎದುರು ನಿಂತು ಬಾರಿಸುವವನ ಹುಮ್ಮಸ್ಸು ಬೇಕಿತ್ತು.

ಹಾಗೆ ಉಳಿದುಕೊಂಡವರ ವಾದ್ಯಗಳೂ ಒಳಗೊಳಗೇ ಬದಲಾಗಿದ್ದವು. ಹಲಗಿ, ತಾಶಾಗಳಿಗೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಿಗಿಯುವ ರೂಢಿ ಬಂದದ್ದನ್ನು ಹೊರಗಿನವರು ಅಷ್ಟಾಗಿ ಗಮನಿಸಿಲ್ಲ. ಈ ಸಂಗೀತದ ಮಟ್ಟಿಗೆ ಅದು ವಿದ್ಯುತ್ ವಾದ್ಯಗಳು ಬಂದಷ್ಟೇ ದೊಡ್ಡ ಘಟನೆ. ಪ್ಲಾಸ್ಟಿಕ್ಕಿಗೆ ಬೆಂಕಿ ಬೇಡ, ಮಳೆಯ ಹೆದರಿಕೆಯಿಲ್ಲ. ಅಂಚಿನಲ್ಲಿ ಕೂರಿಸಿದ ನಟ್ಟು ಬೋಲ್ಟುಗಳನ್ನು ಪಾನಾದಿಂದ ಒಂದು ಸುತ್ತು ತಿರುವಿದರೆ ಸ್ವರ ಏರುತ್ತದೆ, ರಾತ್ರಿಯಿಡೀ ಬಾರಿಸಿದರೂ ಇಳಿಯುವುದಿಲ್ಲ. ಆದರೆ ಚರ್ಮದ ನಡುಭಾಗ ಕೊಡುತ್ತಿದ್ದ ತುಂಬು ಮಂದ್ರ ಅದರಲ್ಲಿಲ್ಲ. ಎಡಗೈಯ ಕಡ್ಡಿಯ ಪಟಪಟ ಸದ್ದು ಮೊನಚಾಗಿ ಮೇಲೆದ್ದು, ಬಲಗೈಯ ಪೆಟ್ಟು ಸೊರಗುತ್ತದೆ. ಸೊರಗಿದ ಆ ಮಂದ್ರವನ್ನು ತುಂಬಲು ತಂಡಗಳು ಮೊದಲು ದೊಡ್ಡ ಡೋಲುಗಳನ್ನೂ ಅನಂತರ ಬೇಸ್ ಸ್ಪೀಕರುಗಳನ್ನೂ ತರಬೇಕಾಯಿತು. ಬೆಂಕಿಯ ಬಿಡುವು ತಪ್ಪಿದ್ದರಿಂದ ಮೆರವಣಿಗೆಯ ಗತಿಯೂ ಏರಿತು; ದಣಿವಾರಿಸಿಕೊಳ್ಳಲು ಬಾರಿಸುವವನಿಗೆ ನೆಪವೇ ಇಲ್ಲವಾಯಿತು.

ಈ ಹಾದಿಯ ಕೊನೆಗೆ ನಿಂತಿರುವುದು ಡಿ.ಜೆ. ಲಾರಿಯ ಮೇಲೆ ಒಂದರ ಮೇಲೊಂದು ಪೇರಿಸಿದ ಸ್ಪೀಕರುಗಳು, ಜನರೇಟರು, ಬಣ್ಣದ ದೀಪ, ಲ್ಯಾಪ್‌ಟಾಪ್ ಮುಂದೆ ಒಬ್ಬ ಹುಡುಗ. ಇಷ್ಟೇ ಈಗಿನ ತಂಡ. 2016ರ ಮರಾಠಿ ಚಿತ್ರ ‘ಸೈರಾಟ್’ಗೆ ಅಜಯ್ ಅತುಲ್ ಜೋಡಿ ಕೊಟ್ಟ ‘ಝಿಂಗಾಟ್’ ಹಾಡು ಮೆರವಣಿಗೆಯ ಬೆಂಜೋ ಪಾರ್ಟಿಯ ಗದ್ದಲವನ್ನೇ ಸ್ಟುಡಿಯೋಕ್ಕೆ ಒಯ್ದು ಹೊಳಪು ಕೊಟ್ಟ ಹಾಡು. ಅದೇ ಚಿತ್ರ 2017ರಲ್ಲಿ ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೆ ಬಂದಾಗ ಆ ಹಾಡೂ ಬಂದಿತು. ಬೀದಿಯಿಂದ ಸಿನಿಮಾಕ್ಕೆ ಹೋದ ಪೆಟ್ಟು ಮರಳಿ ಬೀದಿಗೆ ಬಂದಾಗ ಬಾರಿಸುವವರ ಅಗತ್ಯವಿರಲಿಲ್ಲ. ಇಂದಿನ ಡಿ.ಜೆ. ಮಿಶ್ರಣಗಳನ್ನು ಕಿವಿಗೊಟ್ಟು ಕೇಳಿದರೆ ಹಲಗಿಯ ಎಡಗೈ ಕಡ್ಡಿಯೂ ತೀನ್‌ಮಾರಿನ ಮೂರು ಪೆಟ್ಟೂ ಅದರಲ್ಲಿ ಸ್ಪಷ್ಟವಾಗಿವೆ. ಆದರೆ ಅವು ಯಾವುದೋ ಊರಿನಲ್ಲಿ ಒಮ್ಮೆ ಯಾರೋ ಬಾರಿಸಿದ್ದರ ತುಣುಕುಗಳಾಗಿದ್ದು, ಸುತ್ತಿಸುತ್ತಿ ಬರುತ್ತವೆ. ಕಾನೂನು ಈ ಅಬ್ಬರಕ್ಕೆ ಲಗಾಮು ಹಾಕಿಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂಬುದನ್ನು 2005ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಹಬ್ಬದ ಹೊತ್ತಿಗೆ ಡಿ.ಜೆ.ಗೆ ನಿರ್ಬಂಧ ಬಿದ್ದಾಗಲೆಲ್ಲ ಹಲಗಿ, ಡೋಲು, ಬ್ಯಾಂಡಿನವರಿಗೆ ನಾಲ್ಕು ದಿನದ ಕೆಲಸ ಸಿಗುತ್ತದೆ.

ಮೆಟಲ್‌ಕೋರ್ ತಂಡವೊಂದು ಕಿರುಚಾಟದಿಂದ ಕೀಬೋರ್ಡಿನ ಕಡೆಗೆ ಹೊರಳಿದಾಗ ಹಳೆಯ ಅಭಿಮಾನಿಗಳು ಅದು ತನ್ನತನ ಮಾರಿಕೊಂಡಿತೆಂದು ದೂರುತ್ತಾರೆ, ತಂಡದವರು ಬೆಳವಣಿಗೆ ಎನ್ನುತ್ತಾರೆ. ಬೀದರ್ ಸೀಮೆಯ ಬಾಜಾಕ್ಕೆ ಈ ಎರಡು ಮಾತುಗಳೂ ಹೊಂದುವುದಿಲ್ಲ. ಇಲ್ಲಿ ನಾದ ಬದಲಾದದ್ದು ಕಲಾವಿದನ ಇಷ್ಟದಿಂದಲ್ಲ. ಸೈನ್ಯ ಚದುರಿದ್ದರಿಂದ, ಬಿಟ್ಟಿ ಚಾಕರಿಯನ್ನು ಧಿಕ್ಕರಿಸಿದ್ದರಿಂದ, ಗಡಿಯಾಚೆಯ ಕ್ಯಾಸೆಟ್ಟಿನಿಂದ, ಹತ್ತು ಜನರ ಕೂಲಿಯನ್ನು ಒಬ್ಬನಲ್ಲಿ ಮುಗಿಸುವ ಲೆಕ್ಕಾಚಾರದಿಂದ. ಆದ್ದರಿಂದ ಹಳೆಯದೆಲ್ಲ ಚೆನ್ನಿತ್ತೆಂಬ ಕೊರಗಿಗೆ ಇಲ್ಲಿ ಜಾಗ ಕಡಿಮೆ: ಚರ್ಮದ ಹಲಗಿಯ ಮಂದ್ರವನ್ನು ನೆನೆಯುವವರು ಅದನ್ನು ಬಾರಿಸಿದವನಿಗೆ ಗುಡಿಯ ಬಾಗಿಲು ಮುಚ್ಚಿತ್ತೆಂಬುದನ್ನೂ ನೆನೆಯಬೇಕು. ಹಾಗೆಂದು ಆ ಕೈಚಳಕ ದಾಖಲೆಯಿಲ್ಲದೆ ಹೋಗಬೇಕಾಗಿಲ್ಲ. ಬೀದರ್ ವಿಶ್ವವಿದ್ಯಾಲಯ 2023ರಲ್ಲಿ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿಯೇ ಆರಂಭವಾಗಿದೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ 2011ರಿಂದ ಇದೆ. ಖಾನಾಪುರದ ಜಾತ್ರೆಯಲ್ಲಿ, ಅಷ್ಟೂರಿನ ಉರುಸಿನಲ್ಲಿ, ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಇನ್ನೂ ಚರ್ಮದ ಹಲಗಿ ಕಾಯಿಸುವ, ಸನಾದಿ ಊದುವ ಹಿರಿಯರ ವಾದನವನ್ನು ಅವರ ಹೆಸರು, ಊರು, ಅವರು ಕೊಡುವ ವಿವರಣೆಯ ಸಮೇತ ಮುದ್ರಿಸಿ ಇಡುವ ಕೆಲಸವನ್ನು ಈ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು, ಆ ಕೆಲಸಕ್ಕೆ ಹಿರಿಯರಿಗೆ ತಕ್ಕ ಸಂಭಾವನೆಯನ್ನೂ ಕೊಡಬೇಕು.